ಆರಂಭಕಾಲದ ಜಾಝ್ ತಟ್ಟೆಗಳಲ್ಲಿ ಮನೋಧರ್ಮ ಎಷ್ಟು, ಪೂರ್ವಸಿದ್ಧತೆ ಎಷ್ಟು?

ಪ್ರಶ್ನೆ: ಶ್ರವಣಾಸಕ್ತ

ಎಲ್ಲರಿಗೂ ನಮಸ್ಕಾರ.

ಕೆಲವು ತಿಂಗಳುಗಳಿಂದ ನಾನು ಜಾಝ್ ಸಂಗೀತವನ್ನು ಧ್ವನಿಮುದ್ರಣಗಳ ಕಾಲಾನುಕ್ರಮದಲ್ಲಿ ಕೇಳುತ್ತಾ ಬಂದಿದ್ದೇನೆ. ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ 1917ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗಾಗಿ ನುಡಿಸಿದ 'ಲಿವರಿ ಸ್ಟೇಬಲ್ ಬ್ಲೂಸ್'ನಿಂದ ಆರಂಭಿಸಿದೆ. ಮಾರಾಟಕ್ಕೆ ಬಂದ ಮೊದಲ ಜಾಝ್ ತಟ್ಟೆ ಎಂಬ ಗೌರವ ಅದಕ್ಕೆ ಇದೆಯಾದರೂ, ವಾದ್ಯಗಳಲ್ಲಿ ಕುದುರೆ, ಕೋಳಿಗಳ ಕೂಗನ್ನು ಅನುಕರಿಸುವ ಆ ತಟ್ಟೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡಲಿಲ್ಲ. ನಿಜವಾಗಿ ಮನಸ್ಸು ನಿಂತದ್ದು 1923ರಲ್ಲಿ, ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡಿನ ತಟ್ಟೆಗಳಲ್ಲಿ. ಎರಡು ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ), ಒಂದು ಕ್ಲಾರಿನೆಟ್, ಒಂದು ಟ್ರಾಂಬೋನ್ ಏಕಕಾಲದಲ್ಲಿ ಬೇರೆಬೇರೆ ಎಳೆಗಳನ್ನು ನುಡಿಸುತ್ತಿದ್ದರೂ ಒಂದು ಇನ್ನೊಂದನ್ನು ತುಳಿಯದೆ ಸಾಗುವ ಆ ಕ್ರಮಕ್ಕೆ ಕಿವಿ ಒಗ್ಗಲು ಸ್ವಲ್ಪ ಕಾಲ ಬೇಕಾಯಿತು. ಒಗ್ಗಿದ ಮೇಲೆ ಬಿಟ್ಟುಬರಲು ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ಮತ್ತು ಹಾಟ್ ಸೆವೆನ್ ತಂಡಗಳು, ಬಿಕ್ಸ್ ಬೈಡರ್‌ಬೆಕ್, 1939ರ ಕೋಲ್ಮನ್ ಹಾಕಿನ್ಸ್, 1945ರ ಚಾರ್ಲಿ ಪಾರ್ಕರ್, ಹೀಗೆ ನಡೆದು ಈಗ 1960ರ ದಶಕದ ಆರ್ನೆಟ್ ಕೋಲ್ಮನ್, ಜಾನ್ ಕೋಲ್ಟ್ರೇನ್, ಆಲ್ಬರ್ಟ್ ಐಲರ್ ಎಂಬ ಸ್ಯಾಕ್ಸೊಫೋನ್ ವಾದಕರನ್ನು ಕೇಳುತ್ತಿದ್ದೇನೆ. ಆಂಥನಿ ಬ್ರ್ಯಾಕ್ಸ್ಟನ್ ಅವರು 1969ರಲ್ಲಿ ಬೇರೆ ಯಾವ ವಾದ್ಯದ ನೆರವೂ ಇಲ್ಲದೆ ಕೇವಲ ಆಲ್ಟೊ ಸ್ಯಾಕ್ಸೊಫೋನ್ ಒಂದರಲ್ಲೇ ಎರಡು ಎಲ್‌ಪಿಗಳಷ್ಟು ನುಡಿಸಿದ 'ಫಾರ್ ಆಲ್ಟೊ' ಸದ್ಯಕ್ಕೆ ನಾನು ತಲುಪಿರುವ ತುದಿ.

ನನ್ನ ಪ್ರಶ್ನೆ ಹುಟ್ಟಿದ್ದು 'ಡಿಪ್ಪರ್‌ಮೌತ್ ಬ್ಲೂಸ್' ಎಂಬ ಒಂದೇ ಕೃತಿಯಿಂದ. ಆಲಿವರ್ ಅವರ ತಂಡ ಇದನ್ನು 1923ರ ಏಪ್ರಿಲ್‌ನಲ್ಲಿ ಜೆನೆಟ್ ಕಂಪನಿಗೂ ಅದೇ ವರ್ಷದ ಜೂನ್‌ನಲ್ಲಿ ಓಕೇ ಕಂಪನಿಗೂ ನುಡಿಸಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದಾಗ, ಆಲಿವರ್ ಅವರ ಮೂರು ಸುತ್ತುಗಳ (ಕೃತಿಯ ಆವರ್ತಗಳ) ಪ್ರಸಿದ್ಧ ಸೋಲೊ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ಎರಡರಲ್ಲೂ ಬಹುಮಟ್ಟಿಗೆ ಒಂದೇ ಎಂಬುದು ಸ್ಪಷ್ಟವಾಗಿ ಕೇಳಿಸಿತು. 1925ರಲ್ಲಿ ಫ್ಲೆಚರ್ ಹೆಂಡರ್ಸನ್ ಅವರ ತಂಡ ಇದೇ ಕೃತಿಯನ್ನು 'ಶುಗರ್ ಫುಟ್ ಸ್ಟಾಂಪ್' ಎಂಬ ಹೆಸರಿನಲ್ಲಿ ನುಡಿಸಿದಾಗ, ಆಗ ಆ ತಂಡದಲ್ಲಿದ್ದ ಆರ್ಮ್‌ಸ್ಟ್ರಾಂಗ್ ಅವರು ತಮ್ಮ ಗುರುವಿನ ಸೋಲೊವನ್ನೇ ಮತ್ತೆ ನುಡಿಸುತ್ತಾರೆ. ಕಚೇರಿ ಸಂಗೀತ ಕೇಳಿ ಬೆಳೆದ ನನಗೆ ಇದು ಕೊಂಚ ಗೊಂದಲ ಉಂಟುಮಾಡಿತು. ಒಬ್ಬ ವಿದ್ವಾಂಸರು ಎರಡು ಕಚೇರಿಗಳಲ್ಲಿ ಒಂದೇ ಕಲ್ಪನಾಸ್ವರವನ್ನು ಹಾಡಿದರೆ ನಾವು ಅದನ್ನು ಮನೋಧರ್ಮ, ಅಂದರೆ ಆ ಕ್ಷಣದ ಸೃಷ್ಟಿ, ಎನ್ನುವುದಿಲ್ಲ. ಹಾಗಿದ್ದ ಮೇಲೆ ಜಾಝ್ ಎಂದರೆ ಆಶುವಾದನ ಎಂದು ಪುಸ್ತಕಗಳೆಲ್ಲ ಹೇಳುವುದರ ಅರ್ಥವೇನು? ಆರಂಭದ ತಟ್ಟೆಗಳಲ್ಲಿ ಆ ಕ್ಷಣದಲ್ಲಿ ಹುಟ್ಟಿದ್ದು ಎಷ್ಟು, ಮೊದಲೇ ರೂಪಿಸಿಕೊಂಡದ್ದು ಎಷ್ಟು? ಪ್ರತಿ ಸಲವೂ ಹೊಸದಾಗಿ ನುಡಿಸಬೇಕೆಂಬ ಆದರ್ಶ ಯಾವಾಗ, ಏತಕ್ಕಾಗಿ ಬಂದಿತು? ಮತ್ತು ಐಲರ್ ಅವರಂಥವರು ಈ ಪರಂಪರೆಯ ಮುಂದುವರಿಕೆಯೋ, ಅದರಿಂದ ಹೊರನಡೆದವರೋ?

ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಹಳೆಯ ತಟ್ಟೆಗಳು

ಮಾನ್ಯರೇ, ಎರಡು ಆವೃತ್ತಿಗಳನ್ನು ಎದುರುಬದುರು ಇಟ್ಟು ಕೇಳಿದ್ದೀರಿ. ಈ ಪ್ರಶ್ನೆಗೆ ಉತ್ತರ ಹುಡುಕಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನೀವು ಕೇಳಿಸಿಕೊಂಡದ್ದು ನಿಜವೇ. ಆಲಿವರ್ ಅವರ ಆ ಸೋಲೊ ಪೂರ್ವಸಿದ್ಧವಾದದ್ದು. ಮುಂದೆ ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಆ ಕೃತಿಯನ್ನು ಎತ್ತಿಕೊಂಡ ಟ್ರಂಪೆಟ್ ವಾದಕರು ಅದನ್ನೇ ನುಡಿಸುವುದು ರೂಢಿಯಾಯಿತು. ಕ್ಲಾರಿನೆಟ್ ವಾದಕರಿಗೂ ಇಂಥದ್ದೊಂದು ಇತ್ತು. 'ಹೈ ಸೊಸೈಟಿ' ಎಂಬ ಮಾರ್ಚಿನಲ್ಲಿ ಪಿಕಲೊ ವಾದ್ಯಕ್ಕೆ ಬರೆದಿದ್ದ ಭಾಗವನ್ನು ಆಲ್ಫಾನ್ಸ್ ಪಿಕೂ ಅವರು ಕ್ಲಾರಿನೆಟ್‌ಗೆ ಒಗ್ಗಿಸಿಕೊಂಡರೆಂಬುದು ನ್ಯೂ ಆರ್ಲಿಯನ್ಸ್‌ನ ಪ್ರತೀತಿ. ಆಮೇಲೆ ಆ ಊರಿನ ಯಾವ ಕ್ಲಾರಿನೆಟ್ ವಾದಕರೂ ಆ ಸೋಲೊವನ್ನು ನುಡಿಸದೆ ಆ ಕೃತಿಯನ್ನು ಮುಗಿಸುವಂತಿರಲಿಲ್ಲ. 1923ರ ಜೂನ್‌ನಲ್ಲಿ ಆಲಿವರ್ ತಂಡ ಅದನ್ನು ಮುದ್ರಿಸಿದಾಗ ಜಾನಿ ಡಾಡ್ಸ್ ಅವರೂ ಅದನ್ನೇ ನುಡಿಸಿದ್ದಾರೆ.

ಆರ್ಮ್‌ಸ್ಟ್ರಾಂಗ್ ಅವರ ವಿಷಯದಲ್ಲಿ ಬರಹದ ಸಾಕ್ಷ್ಯವೇ ಉಳಿದಿದೆ. 'ಕಾರ್ನೆಟ್ ಚಾಪ್ ಸೂಯಿ' ತಟ್ಟೆ ಮುದ್ರಣವಾದದ್ದು 1926ರ ಫೆಬ್ರುವರಿಯಲ್ಲಿ. ಆದರೆ ಅದರ ಸ್ವರಲಿಪಿಯನ್ನು ಅವರು ತಮ್ಮ ಕೈಯಾರೆ ಬರೆದು ಹಕ್ಕುಸ್ವಾಮ್ಯಕ್ಕಾಗಿ ಸಲ್ಲಿಸಿದ್ದು 1924ರ ಜನವರಿಯಲ್ಲಿ. ತಟ್ಟೆಯಲ್ಲಿ ಕೇಳಿ ನಾವು ತತ್ಕ್ಷಣದ ಸ್ಫೂರ್ತಿಯೆಂದು ಭಾವಿಸುವ ಎಷ್ಟೋ ಸಂಗತಿಗಳು ಆ ಹಾಳೆಯಲ್ಲಿ ಎರಡು ವರ್ಷ ಮೊದಲೇ ಇವೆ. ಆಲಿವರ್ ಮತ್ತು ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ನುಡಿಸುತ್ತಿದ್ದ ಎರಡು ಕಾರ್ನೆಟ್‌ಗಳ ಬ್ರೇಕ್‌ಗಳೂ (ಉಳಿದವರು ನಿಲ್ಲಿಸಿದಾಗ ನುಡಿಸುವ ಚಿಕ್ಕ ತುಣುಕುಗಳೂ) ಹಾಗೆಯೇ: ಮುಂದೆ ಬರಲಿರುವ ಬ್ರೇಕ್‌ನ ಸುಳಿವನ್ನು ಗುರು ಮೊದಲೇ ಕೊಡುತ್ತಿದ್ದರು, ಶಿಷ್ಯ ಕ್ಷಣಾರ್ಧದಲ್ಲಿ ಅದಕ್ಕೆ ಹೊಂದುವ ಎರಡನೆಯ ಎಳೆಯನ್ನು ಸಿದ್ಧಪಡಿಸಿಕೊಳ್ಳುತ್ತಿದ್ದರು. ಷಿಕಾಗೊದ ಲಿಂಕನ್ ಗಾರ್ಡನ್ಸ್‌ನಲ್ಲಿ ಕೇಳುಗರಿಗೆ ಪವಾಡದಂತೆ ಕಂಡದ್ದರ ಹಿಂದೆ ಈ ಏರ್ಪಾಡು ಇತ್ತು. ಗುರುವಿನಿಂದ ಬಂದದ್ದು ಸಿದ್ಧ, ಶಿಷ್ಯ ಸೇರಿಸಿದ್ದು ಆ ಹೊತ್ತಿನದು. ಎರಡನ್ನೂ ಬೇರೆ ಮಾಡಲು ಹೊರಟರೆ ಅಲ್ಲಿನ ಸಂಗೀತವೇ ಕೈತಪ್ಪುತ್ತದೆ.

ಆದರೆ ನಿಮ್ಮ ಪ್ರಶ್ನೆಯ ಒಳಗಿರುವ ಒಂದು ಊಹೆಯನ್ನು ನಾನು ಒಪ್ಪಲಾರೆ. ನೀವು ಮನೋಧರ್ಮವನ್ನು ಸೋಲೊದಲ್ಲಿ ಹುಡುಕುತ್ತಿದ್ದೀರಿ. ಅದು ಹಾಕಿನ್ಸ್ ಮತ್ತು ಪಾರ್ಕರ್ ಅವರ ಕಾಲದ ಅಭ್ಯಾಸ. 1923ರ ಈ ತಂಡದಲ್ಲಿ ಸೋಲೊ ಎನ್ನುವುದು ಅಪರೂಪದ ಅಲಂಕಾರ. ಕೃತಿಯ ಬಹುಭಾಗ ಸಮೂಹವಾದನವೇ. ಕಾರ್ನೆಟ್ ಮೂಲ ರಾಗವನ್ನು ಹಿಡಿದು ನಡೆಸುತ್ತದೆ, ಟ್ರಾಂಬೋನ್ ಕೆಳಗಿನಿಂದ ಆಧಾರ ಕೊಡುತ್ತದೆ, ಕ್ಲಾರಿನೆಟ್ ಇವೆರಡರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಪ್ರತಿಯೊಬ್ಬರಿಗೂ ತಮ್ಮ ಜವಾಬ್ದಾರಿ ಏನೆಂದು ಗೊತ್ತಿದೆ, ಆದರೆ ನಿರ್ದಿಷ್ಟವಾಗಿ ಯಾವ ಸ್ವರ ಎಂಬುದು ಆಯಾ ಸುತ್ತಿಗೆ ಬಿಟ್ಟದ್ದು. ಜೆನೆಟ್ ಮತ್ತು ಓಕೇ ಆವೃತ್ತಿಗಳನ್ನು ಮತ್ತೆ ಕೇಳುವಾಗ ಆಲಿವರ್ ಅವರ ಸೋಲೊವನ್ನು ಬದಿಗಿಟ್ಟು, ಸಮೂಹ ಸುತ್ತುಗಳಲ್ಲಿ ಡಾಡ್ಸ್ ಅವರ ಕ್ಲಾರಿನೆಟ್ಟನ್ನು ಮಾತ್ರ ಹಿಂಬಾಲಿಸಿ. ನನ್ನ ಕಿವಿಗೆ ಅಲ್ಲಿ ಸಾಕಷ್ಟು ಸ್ವಾತಂತ್ರ್ಯ ಕೇಳಿಸುತ್ತದೆ. ಎರಡನೆಯ ಕಾರ್ನೆಟ್ ನುಡಿಸುತ್ತಿರುವ ಯುವಕ ಆರ್ಮ್‌ಸ್ಟ್ರಾಂಗ್ ಗುರುವಿನ ಎಳೆಗೆ ಅಡ್ಡಬರದೆ ಅದರ ಸುತ್ತ ಏನೇನು ಮಾಡುತ್ತಾರೆ ಎಂಬುದನ್ನು ಹಿಡಿಯುವುದು ಇನ್ನೂ ಕಷ್ಟ, ಇನ್ನೂ ಸಂತೋಷದ ಕೆಲಸ.

ಅದೇ ತಟ್ಟೆಯಲ್ಲಿ 'ಓ ಪ್ಲೇ ದಟ್ ಥಿಂಗ್' ಎಂದು ಒಬ್ಬರು ಕೂಗುವುದನ್ನು ಗಮನಿಸಿರುತ್ತೀರಿ. ಆ ಜಾಗದಲ್ಲಿ ಡ್ರಮ್ಸ್‌ನ ಬ್ರೇಕ್ ಬರಬೇಕಿತ್ತು, ತಾವು ಅದನ್ನು ಮರೆತದ್ದರಿಂದ ಬ್ಯಾಂಜೊ ನುಡಿಸುತ್ತಿದ್ದ ಬಿಲ್ ಜಾನ್ಸನ್ ಆ ಖಾಲಿ ಜಾಗವನ್ನು ಕೂಗಿ ತುಂಬಿದರು ಎಂದು ಡ್ರಮ್ಸ್ ವಾದಕ ಬೇಬಿ ಡಾಡ್ಸ್ ಅವರೇ ಹೇಳಿಕೊಂಡಿದ್ದಾರೆ. 1925ರ ಹೆಂಡರ್ಸನ್ ತಟ್ಟೆಯಲ್ಲೂ ಆ ಕೂಗು ಇದೆ. ಆಕಸ್ಮಿಕವಾಗಿ ಹುಟ್ಟಿದ್ದು ಎರಡು ವರ್ಷಗಳಲ್ಲಿ ಕೃತಿಯ ಅಂಗವಾಗಿಬಿಟ್ಟಿತು. ಆ ಕಾಲದ ಸಂಗೀತಗಾರರ ದೃಷ್ಟಿ ಇದರಿಂದ ತಿಳಿಯುತ್ತದೆ: ಒಮ್ಮೆ ಒಳ್ಳೆಯದು ಸಿಕ್ಕಿದರೆ ಅದನ್ನು ಉಳಿಸಿಕೊಳ್ಳಬೇಕು, ಬಿಸಾಡಬಾರದು.

ಇನ್ನೊಂದು ತೊಡಕನ್ನು ಮರೆಯಬಾರದು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ನೃತ್ಯಶಾಲೆಯಲ್ಲಿ ಮನಸ್ಸು ಬಂದಷ್ಟು ಹೊತ್ತು ನುಡಿಸುತ್ತಿದ್ದ ಕೃತಿಯನ್ನು ಮೂರು ನಿಮಿಷಕ್ಕೆ ಇಳಿಸಬೇಕೆಂದರೆ ಯಾರಿಗೆ ಎಷ್ಟು ಸುತ್ತು ಎಂಬುದನ್ನು ಮೊದಲೇ ನಿರ್ಧರಿಸದೆ ಗತ್ಯಂತರವಿಲ್ಲ. ಮೇಣದ ಮೇಲೆ ಕೊರೆದದ್ದನ್ನು ತಿದ್ದುವಂತೆಯೂ ಇರಲಿಲ್ಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಇಂಥ ಕಡೆ ಸಾಹಸಕ್ಕಿಂತ ಸಿದ್ಧತೆಯನ್ನು ನೆಚ್ಚುವುದು ಸಹಜ. ಬಳಸದ ಟೇಕ್‌ಗಳನ್ನು (ಒಂದೇ ಕೃತಿಯನ್ನು ಮತ್ತೆ ನುಡಿಸಿದ ಮುದ್ರಣಗಳನ್ನು) ಕಂಪನಿಗಳು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ, ಹಾಟ್ ಫೈವ್‌ನ ತಟ್ಟೆಗಳಲ್ಲಿ ಬಹುತೇಕ ಯಾವುದಕ್ಕೂ ಹೋಲಿಸಿ ನೋಡಲು ಎರಡನೆಯ ಟೇಕ್ ಇಲ್ಲ. ನಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಕ್ಷಿಗಳು ಹೀಗೆ ಮೊದಲೇ ನಾಶವಾಗಿವೆ.

ಸೋಲೊದಲ್ಲೇ ಆ ಕ್ಷಣದ ಹುಟ್ಟನ್ನು ಕೇಳಬೇಕೆಂದಿದ್ದರೆ 1928ರ ಡಿಸೆಂಬರ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಪಿಯಾನೊ ವಾದಕ ಅರ್ಲ್ ಹೈನ್ಸ್ ಇಬ್ಬರೇ ನುಡಿಸಿದ 'ವೆದರ್ ಬರ್ಡ್' ಕೇಳಿ. ಇದೇ ಕೃತಿಯನ್ನು ಆರ್ಮ್‌ಸ್ಟ್ರಾಂಗ್ ಅವರು 1923ರ ಏಪ್ರಿಲ್‌ನಲ್ಲಿ ಆಲಿವರ್ ತಂಡದೊಂದಿಗೆ ನುಡಿಸಿದ್ದರು. ಅಲ್ಲಿ ಏಳೆಂಟು ಜನ ಸೇರಿ ಕಟ್ಟಿದ್ದನ್ನು ಇಲ್ಲಿ ಇಬ್ಬರು ಬಿಚ್ಚಿ ನೋಡುತ್ತಾರೆ. ಕೊನೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಎದುರುತ್ತರ ಕೊಡುತ್ತಾ ಹೋಗುವಾಗ, ಮುಂದಿನದು ಏನೆಂದು ಇಬ್ಬರಿಗೂ ಗೊತ್ತಿಲ್ಲ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ. 'ವೆಸ್ಟ್ ಎಂಡ್ ಬ್ಲೂಸ್'ನ ಆರಂಭದ ಒಂಟಿ ಟ್ರಂಪೆಟ್ ಎಷ್ಟೇ ಭವ್ಯವಾಗಿರಲಿ, ನಿಮ್ಮ ಪ್ರಶ್ನೆಯ ಮಟ್ಟಿಗೆ 'ವೆದರ್ ಬರ್ಡ್' ಹೆಚ್ಚಿನ ಸಾಕ್ಷಿ.

ಉತ್ತರ: ಲಯವಿನ್ಯಾಸ

ಮೇಲಿನ ಉತ್ತರಕ್ಕೆ ಲಯದ ಕಡೆಯಿಂದ ಒಂದು ಮಾತನ್ನು ಸೇರಿಸಬಯಸುತ್ತೇನೆ. ಜೆನೆಟ್ ಕಂಪನಿಯ ಸ್ಟುಡಿಯೊ ಇಂಡಿಯಾನಾದ ರಿಚ್‌ಮಂಡ್‌ನಲ್ಲಿ, ಪಿಯಾನೊ ಕಾರ್ಖಾನೆಯೊಂದರ ಆವರಣದಲ್ಲಿ ರೈಲು ಹಳಿಯ ಪಕ್ಕದಲ್ಲಿತ್ತು. ರೈಲು ಬಂದರೆ ಮುದ್ರಣ ನಿಲ್ಲಿಸಬೇಕಿತ್ತು. ಆಗ ಮೈಕ್ರೋಫೋನ್ ಇರಲಿಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ನಿಂತು ನುಡಿಸುತ್ತಿದ್ದರು. ಆರ್ಮ್‌ಸ್ಟ್ರಾಂಗ್ ಅವರ ನಾದ ಆಲಿವರ್ ಅವರದನ್ನು ಮುಚ್ಚಿಬಿಡುತ್ತಿದ್ದುದರಿಂದ ಅವರನ್ನು ದೂರ ನಿಲ್ಲಿಸಿದ್ದರೆಂದು ಆ ತಂಡದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾರೆ. ದೊಡ್ಡ ಡ್ರಮ್ಮಿನ ಪೆಟ್ಟನ್ನು ಆ ಯಂತ್ರ ತಾಳಿಕೊಳ್ಳದ ಕಾರಣ ಬೇಬಿ ಡಾಡ್ಸ್ ಹೆಚ್ಚಾಗಿ ಮರದ ತುಂಡುಗಳ ಮೇಲೆ ನುಡಿಸಬೇಕಾಯಿತು. ಅಂದರೆ 1923ರ ತಟ್ಟೆ ಕೇಳಿ ಆ ತಂಡದ ತಾಳವಾದನ ಹೀಗೇ ಇತ್ತೆಂದು ನಿರ್ಧರಿಸುವುದು ನ್ಯಾಯವಲ್ಲ. 1946ರಲ್ಲಿ ಅವರು ಒಬ್ಬರೇ ಕುಳಿತು ನುಡಿಸಿದ ಡ್ರಮ್ಸ್ ಸೋಲೊಗಳ ಮುದ್ರಣವಿದೆ. ಅದನ್ನು ಕೇಳಿ, ಮತ್ತೆ 'ಡಿಪ್ಪರ್‌ಮೌತ್'ಗೆ ಮರಳಿದರೆ ಯಂತ್ರ ಬಿಟ್ಟುಬಿಟ್ಟದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ.

ಒಂದು ಪ್ರಾಯೋಗಿಕ ಸಲಹೆಯೂ ಇದೆ. ಆಲಿವರ್ ಅವರ ತಟ್ಟೆಗಳನ್ನು ಎಲ್ಲೆಂದರಲ್ಲಿ ಸಿಗುವ ಅಗ್ಗದ ಸಂಕಲನಗಳಲ್ಲಿ ಕೇಳಬೇಡಿ. ಆ ಕಾಲದ ತಟ್ಟೆಗಳು ನಿಖರವಾಗಿ ನಿಮಿಷಕ್ಕೆ 78 ಸುತ್ತಿನವಲ್ಲ. ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ, ನಡೆಯ ತೂಕವೂ ಕೆಡುತ್ತದೆ. ಆರ್ಕಿಯೋಫೋನ್ ಸಂಸ್ಥೆ 2006ರಲ್ಲಿ ಹೊರತಂದ 1923ರ ಸಂಪೂರ್ಣ ಸಂಗ್ರಹದಲ್ಲಿ ಶ್ರುತಿ, ವೇಗ ಎರಡರ ಬಗೆಗೂ ಶ್ರದ್ಧೆ ವಹಿಸಿದ್ದಾರೆ. ಒಳಗಿನ ಎಳೆಗಳನ್ನು ಬೇರ್ಪಡಿಸಿ ಕೇಳಲು ಅದೇ ಸೂಕ್ತ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಶ್ರವಣಾಸಕ್ತ

ಇಬ್ಬರಿಗೂ ಕೃತಜ್ಞತೆಗಳು. ಸಮೂಹ ಸುತ್ತುಗಳಲ್ಲಿ ಕ್ಲಾರಿನೆಟ್ ಒಂದನ್ನೇ ಹಿಡಿದು ಕೇಳಿದೆ; ಎರಡು ಆವೃತ್ತಿಗಳಲ್ಲಿ ಅದು ಒಂದೇ ದಾರಿಯಲ್ಲಿ ಸಾಗಿದರೂ ಹೆಜ್ಜೆಗಳು ಬೇರೆಬೇರೆ ಎಂಬುದು ತಿಳಿಯಿತು. ಈಗ ಪ್ರಶ್ನೆಯ ಎರಡನೆಯ ಭಾಗ ಇನ್ನಷ್ಟು ತೀವ್ರವಾಗಿದೆ. ಒಳ್ಳೆಯದು ಸಿಕ್ಕಿದರೆ ಉಳಿಸಿಕೊಳ್ಳಬೇಕು ಎಂಬ ದೃಷ್ಟಿ ಯಾವ ಹಂತದಲ್ಲಿ ಬದಲಾಗಿ, ಎರಡನೆಯ ಸಲ ಅದನ್ನೇ ನುಡಿಸಿದರೆ ಕುಂದು ಎನ್ನುವಂತಾಯಿತು? ಕಾಲಾನುಕ್ರಮದಲ್ಲಿ ಕೇಳುವಾಗ 1941ರಿಂದ 1945ಕ್ಕೆ ಬರುವಷ್ಟರಲ್ಲಿ ಭಾಷೆಯೇ ಬದಲಾದಂತೆ ಅನ್ನಿಸಿತು, ನಡುವಿನ ಮೆಟ್ಟಿಲುಗಳು ನನಗೆ ಸಿಗಲಿಲ್ಲ.

ಉತ್ತರ: ನೀಲಿ ಸ್ವರ

ನಡುವಿನ ಮೆಟ್ಟಿಲುಗಳು ನಿಮಗೆ ಸಿಗದಿರುವುದಕ್ಕೆ ಕಾರಣ ಅವು ಮುದ್ರಣವೇ ಆಗಲಿಲ್ಲ ಎಂಬುದು. 1942ರ ಆಗಸ್ಟ್‌ನಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣಕ್ಕೆ ನಿಷೇಧ ಹೇರಿತು. ಡೆಕ್ಕಾ ಕಂಪನಿ ಮರುವರ್ಷ ಒಪ್ಪಂದಕ್ಕೆ ಬಂದರೂ ವಿಕ್ಟರ್ ಮತ್ತು ಕೊಲಂಬಿಯಾ ಒಪ್ಪಿದ್ದು 1944ರ ನವೆಂಬರ್‌ನಲ್ಲಿ. ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಂಥ ಕಡೆಗಳಲ್ಲಿ ಬೀಬಾಪ್ ಎಂಬ ಹೊಸ ಜಾಝ್ ಶೈಲಿ ರೂಪುಗೊಳ್ಳುತ್ತಿದ್ದ ವರ್ಷಗಳು ಸರಿಯಾಗಿ ಇವೇ. 1941ರಲ್ಲಿ ಅಲ್ಲಿ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ್ದನ್ನು ಒಬ್ಬ ಅಭಿಮಾನಿ ತನ್ನ ಯಂತ್ರದಲ್ಲಿ ಹಿಡಿದಿಟ್ಟಿದ್ದರಿಂದ ಒಂದು ಮೆಟ್ಟಿಲಾದರೂ ಉಳಿದಿದೆ. ಅದನ್ನು ತಪ್ಪದೆ ಕೇಳಿ: ಸ್ಟುಡಿಯೊದಲ್ಲಿ ಒಂದೆರಡು ಸುತ್ತಿಗೆ ನಿಲ್ಲಬೇಕಾಗಿದ್ದ ವಾದಕ ಇಲ್ಲಿ ಸುತ್ತಿನ ಮೇಲೆ ಸುತ್ತು ನುಡಿಸುತ್ತಾ ಹೋಗುತ್ತಾರೆ.

ಆದರ್ಶ ಬದಲಾದ ಬಗೆಯನ್ನು ಹಾಕಿನ್ಸ್ ಅವರ 'ಬಾಡಿ ಅಂಡ್ ಸೋಲ್'ನಿಂದಲೇ ಗುರುತಿಸಬಹುದು ಎಂದು ನನಗೆ ತೋರುತ್ತದೆ. ಐದು ವರ್ಷ ಯೂರೋಪಿನಲ್ಲಿದ್ದು ಮರಳಿದ ಅವರು 1939ರ ಅಕ್ಟೋಬರ್ 11ರಂದು ಮುದ್ರಿಸಿದ ಈ ತಟ್ಟೆಯಲ್ಲಿ ಮೂಲ ಹಾಡಿನ ಸ್ವರಗಳು ಕೇಳಿಸುವುದು ಆರಂಭದ ಕೆಲವು ಕ್ಷಣಗಳಲ್ಲಿ ಮಾತ್ರ. ಉಳಿದದ್ದೆಲ್ಲ ಆ ಹಾಡಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಕಟ್ಟಿದ ಹೊಸ ರಚನೆ. ವಿಚಿತ್ರವೆಂದರೆ ಅದು ಜನಪ್ರಿಯವಾಯಿತು, ಜನಪ್ರಿಯವಾದ ಮೇಲೆ ಕೇಳುಗರು ತಟ್ಟೆಯಲ್ಲಿದ್ದಂತೆಯೇ ನುಡಿಸಬೇಕೆಂದು ಬಯಸತೊಡಗಿದರು. ಆಶುವಾದನವೇ ತಟ್ಟೆಯ ದೆಸೆಯಿಂದ ಸ್ಥಿರ ಕೃತಿಯಾಗಿಬಿಟ್ಟಿತು. 1944ರಲ್ಲಿ ಅವರು ಅದೇ ಕಾರ್ಡ್‌ಗಳ ಮೇಲೆ 'ರೇನ್‌ಬೋ ಮಿಸ್ಟ್' ಎಂಬ ಬೇರೆ ಹೆಸರಿನಲ್ಲಿ ಹೊಸದಾಗಿ ನುಡಿಸಿದ್ದನ್ನು ಕೇಳಿದಾಗ, ತಮ್ಮ ತಟ್ಟೆಯ ಹಿಡಿತದಿಂದ ಬಿಡಿಸಿಕೊಳ್ಳುವ ಪ್ರಯತ್ನ ಅದರಲ್ಲಿ ನನಗೆ ಕಾಣುತ್ತದೆ.

ಪಾರ್ಕರ್ ಅವರ ವಿಷಯಕ್ಕೆ ಬಂದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ, ಏಕೆಂದರೆ ಅವರ ಬಳಸದ ಟೇಕ್‌ಗಳು ಉಳಿದಿವೆ. ಡಯಲ್ ಕಂಪನಿಗಾಗಿ 1947ರ ಅಕ್ಟೋಬರ್‌ನಲ್ಲಿ ಅವರು 'ಎಂಬ್ರೇಸಬಲ್ ಯೂ'ವನ್ನು ಎರಡು ಸಲ ನುಡಿಸಿದರು. ಹಾಡು ಒಂದೇ, ಕಾರ್ಡ್‌ಗಳು ಒಂದೇ, ತಂಡವೂ ಒಂದೇ. ಸೋಲೊಗಳು ಮಾತ್ರ ಬೇರೆಬೇರೆ ಸೃಷ್ಟಿಗಳು. ಮೊದಲನೆಯದರಲ್ಲಿ ಆರು ಸ್ವರಗಳ ಒಂದು ಪುಟ್ಟ ಪದವನ್ನು ಎತ್ತಿಕೊಂಡು ಅದನ್ನೇ ಬೆಳೆಸುತ್ತಾ ಹೋಗುವ ಕ್ರಮವನ್ನು ಕೇಳಿದರೆ, ಕೆಲವೇ ನಿಮಿಷಗಳ ಅಂತರದಲ್ಲಿ ಅದನ್ನು ಸಂಪೂರ್ಣ ಕೈಬಿಟ್ಟು ಬೇರೆ ದಾರಿ ಹಿಡಿಯುವ ಧೈರ್ಯ ಹೇಗೆ ಬಂತು ಎಂದು ಇಂದಿಗೂ ಬೆರಗಾಗುತ್ತದೆ. ಎರಡೂ ಟೇಕ್‌ಗಳು ಪ್ರಕಟವಾದವು. ಪ್ರತಿ ಸಲವೂ ಹೊಸದು ಎಂಬ ಆದರ್ಶವನ್ನು ಕೇಳುಗರ ಮನಸ್ಸಿನಲ್ಲಿ ನೆಲೆಗೊಳಿಸಿದ್ದರಲ್ಲಿ ಇಂಥ ಪ್ರಕಟಣೆಗಳ ಪಾಲು ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೋಲಿಸಿ ನೋಡುವ ಅವಕಾಶ ಬಂದ ಮೇಲೆಯೇ ಹೋಲಿಕೆ ಒಂದು ಮಾನದಂಡವಾಯಿತು.

ಆದರೂ ಪಾರ್ಕರ್ ಅವರನ್ನು ಪರಂಪರೆಯಿಂದ ಕಡಿದುಕೊಂಡವರೆಂದು ಭಾವಿಸಬೇಡಿ. 1945ರ ನವೆಂಬರ್ 26ರ 'ಕೊ ಕೊ' ತಟ್ಟೆಯಲ್ಲಿ, 'ಚೆರೋಕಿ' ಎಂಬ ಹಾಡಿನ ಕಾರ್ಡ್‌ಗಳ ಮೇಲೆ ಉಸಿರುಗಟ್ಟುವ ವೇಗದಲ್ಲಿ ನುಡಿಸುತ್ತಿರುವಾಗ, ಎರಡನೆಯ ಸುತ್ತಿನ ಆರಂಭದಲ್ಲಿ ಅವರು ಏನನ್ನು ನುಡಿಸುತ್ತಾರೆ ಗೊತ್ತೇ? ಮೇಲಿನ ಉತ್ತರದಲ್ಲಿ ಬಂದ 'ಹೈ ಸೊಸೈಟಿ'ಯ ಅದೇ ಕ್ಲಾರಿನೆಟ್ ಸೋಲೊದ ಒಂದು ತುಣುಕನ್ನು. ನ್ಯೂ ಆರ್ಲಿಯನ್ಸ್‌ನ ಪ್ರತಿಯೊಬ್ಬ ಕ್ಲಾರಿನೆಟ್ ವಾದಕನೂ ಬಾಯಿಪಾಠ ಮಾಡಿದ್ದ ಸಂಗತಿ, ಆಧುನಿಕ ಜಾಝ್‌ನ ಅತ್ಯಂತ ದಿಟ್ಟ ಸೋಲೊ ಒಂದರ ನಡುವೆ, ಬೇರೆ ವೇಗದಲ್ಲಿ, ಬೇರೆ ಪ್ರಪಂಚದಲ್ಲಿ ಮತ್ತೆ ಬರುತ್ತದೆ. ಕಾಲಾನುಕ್ರಮದಲ್ಲಿ ಕೇಳುತ್ತಾ ಬಂದವರಿಗೆ ಮಾತ್ರ ಸಿಗುವ ಸುಖ ಇದು.

ಮುಂದಿನವರಲ್ಲೂ ಸಿದ್ಧತೆ ಮಾಯವಾಗಲಿಲ್ಲ. ಕೋಲ್ಟ್ರೇನ್ ಅವರ 'ಜಯಂಟ್ ಸ್ಟೆಪ್ಸ್' 1959ರದು. ಅದರ ಕಾರ್ಡ್‌ಗಳು ಎಷ್ಟು ಬೇಗ ಬದಲಾಗುತ್ತವೆಂದರೆ ಪಿಯಾನೊ ವಾದಕ ಟಾಮಿ ಫ್ಲಾನಗನ್ ಅವರಂಥ ಅನುಭವಿಯೂ ಸೋಲೊದ ನಡುವೆ ತಡವರಿಸುವುದು ತಟ್ಟೆಯಲ್ಲಿ ಕೇಳಿಸುತ್ತದೆ. ಕೋಲ್ಟ್ರೇನ್ ತಡವರಿಸುವುದಿಲ್ಲ. ಆದರೆ ಆಮೇಲೆ ಹೊರಬಂದ ಬೇರೆ ಟೇಕ್‌ಗಳೊಡನೆ ಹೋಲಿಸಿದರೆ, ಸ ರಿ ಗ ಪ ಎಂಬ ನಾಲ್ಕು ಸ್ವರಗಳ ಮಾದರಿಯನ್ನು ಒಂದೊಂದು ಕಾರ್ಡಿಗೂ ಅವರು ಮೊದಲೇ ಅಭ್ಯಾಸ ಮಾಡಿಕೊಂಡಿದ್ದರೆಂಬುದು ತಿಳಿಯುತ್ತದೆ. ಅಷ್ಟು ವೇಗದಲ್ಲಿ ಅದಲ್ಲದೆ ಬೇರೆ ಉಪಾಯವೂ ಇಲ್ಲ. ಇದನ್ನು ಕುಂದೆಂದು ನಾನು ಹೇಳಲಾರೆ. ಸಾಧಕನ ಕೈಯಲ್ಲಿ ಅಭ್ಯಾಸ ಎಲ್ಲಿ ಮುಗಿದು ಸ್ಫೂರ್ತಿ ಎಲ್ಲಿ ತೊಡಗುತ್ತದೆ ಎಂದು ಗೆರೆ ಎಳೆಯುವುದು ಹೊರಗಿನಿಂದ ಸಾಧ್ಯವಿಲ್ಲ.

ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' 1960ರ ಡಿಸೆಂಬರ್‌ನದು. ಎರಡು ನಾಲ್ವರ ತಂಡಗಳು ಏಕಕಾಲದಲ್ಲಿ ಸುಮಾರು 37 ನಿಮಿಷ ನುಡಿಸಿದ ಇದು ಸಂಪೂರ್ಣ ಸ್ವಚ್ಛಂದ ವಾದನ ಎಂಬ ಮಾತು ರೂಢಿಯಲ್ಲಿದೆ. ಅದೇ ದಿನದ ಸುಮಾರು 17 ನಿಮಿಷದ ಮೊದಲ ಟೇಕ್ 1971ರಲ್ಲಿ 'ಟ್ವಿನ್ಸ್' ಎಂಬ ತಟ್ಟೆಯಲ್ಲಿ ಹೊರಬಂತು. ಎರಡನ್ನೂ ಕೇಳಿದರೆ, ಒಬ್ಬೊಬ್ಬರ ಸರದಿಗೆ ಮುನ್ನ ಎಲ್ಲರೂ ಸೇರಿ ನುಡಿಸುವ ಭಾಗಗಳು ಮೊದಲೇ ಗೊತ್ತುಮಾಡಿದ್ದವು ಎಂಬುದು ತಿಳಿಯುತ್ತದೆ. 1965ರಲ್ಲಿ ಕೋಲ್ಟ್ರೇನ್ ಅವರು ಹತ್ತು ಜನರೊಡನೆ ನುಡಿಸಿದ 'ಅಸೆನ್ಶನ್'ಗೂ ಎರಡು ಪೂರ್ಣ ಟೇಕ್‌ಗಳಿವೆ. ಮೊದಲು ಒಂದು ಟೇಕ್ ಹೊರತಂದು, ಆಮೇಲೆ ಅದೇ ಹೆಸರು, ಅದೇ ಹೊದಿಕೆಯಲ್ಲಿ ಅದರ ಬದಲು ಇನ್ನೊಂದನ್ನು ಕಂಪನಿ ಸೇರಿಸಿಬಿಟ್ಟಿತು. ಅಂದಿನ ಕೇಳುಗರಿಗೆ ತಟ್ಟೆಯ ಒಳಅಂಚಿನಲ್ಲಿ ಕೊರೆದ 'ಎಡಿಶನ್ II' ಎಂಬ ಅಕ್ಷರಗಳೇ ಗುರುತು. ಈಗ ಎರಡೂ ಒಟ್ಟಿಗೆ ಸಿಗುತ್ತವೆ, 'ಡಿಪ್ಪರ್‌ಮೌತ್'ಗೆ ನೀವು ಮಾಡಿದ್ದನ್ನೇ ಇದಕ್ಕೂ ಮಾಡಬಹುದು.

ನಡುವಿನ ಒಂದು ತಟ್ಟೆಯನ್ನು ಬಿಟ್ಟರೆ ತಪ್ಪಾದೀತು. ಡ್ಯೂಕ್ ಎಲಿಂಗ್ಟನ್ ಅವರ 'ಡಿಮಿನುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ' 1937ರಲ್ಲಿ ಒಂದು ತಟ್ಟೆಯ ಎರಡು ಮಗ್ಗುಲುಗಳಿಗೆ ಹರಿದುಹೋಗಿತ್ತು. 1956ರ ನ್ಯೂಪೋರ್ಟ್ ಉತ್ಸವದಲ್ಲಿ ಆ ಎರಡು ಭಾಗಗಳ ನಡುವೆ ಪಾಲ್ ಗೊನ್ಸಾಲ್ವಿಸ್ ಅವರು ಟೆನರ್ ಸ್ಯಾಕ್ಸೊಫೋನಿನಲ್ಲಿ ಬ್ಲೂಸ್‌ನ 27 ಸುತ್ತುಗಳನ್ನು ನುಡಿಸಿದರು. ಮೂರು ನಿಮಿಷದ ಕಟ್ಟು ಕಳಚಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ.

ಉತ್ತರ: ತುಂಗಾತೀರ

ಐಲರ್ ಅವರಂಥವರು ಮುಂದುವರಿಕೆಯೋ, ಹೊರನಡೆದವರೋ ಎಂಬ ಕೊನೆಯ ಪ್ರಶ್ನೆ ಉಳಿದಿದೆ. ಅವರು ಹೊರನಡೆದವರಲ್ಲ, ಪಾರ್ಕರ್ ಅವರ ಕಾಲದ ಅಭ್ಯಾಸವನ್ನು ದಾಟಿ 1923ರ ಕಡೆಗೆ ಹೋದವರು ಎಂಬುದು ನನ್ನ ಉತ್ತರ. 1964ರ ಜುಲೈನಲ್ಲಿ ಮುದ್ರಿಸಿದ 'ಸ್ಪಿರಿಚುವಲ್ ಯೂನಿಟಿ'ಯಲ್ಲಿ 'ಗೋಸ್ಟ್ಸ್' ಎಂಬ ಕೃತಿ ಎರಡು ಸಲ ಬರುತ್ತದೆ. ಅದರ ಮೂಲ ರಾಗ ಮಕ್ಕಳೂ ಗುನುಗಬಲ್ಲಷ್ಟು ಸರಳ, ಬೀದಿ ಮೆರವಣಿಗೆಯ ಬ್ಯಾಂಡಿನದರಂತೆ. ಗ್ಯಾರಿ ಪೀಕಾಕ್ ಅವರ ಬಾಸ್ ಮತ್ತು ಸನ್ನಿ ಮರ್ರೆ ಅವರ ಡ್ರಮ್ಸ್ ಅದಕ್ಕೆ ಪಕ್ಕವಾದ್ಯಗಳಾಗಿ ಹಿಂದೆ ನಿಲ್ಲುವುದಿಲ್ಲ; ಮೂವರೂ ಏಕಕಾಲದಲ್ಲಿ ಸ್ವತಂತ್ರ ಎಳೆಗಳನ್ನು ನಡೆಸುತ್ತಾರೆ. ಅಂದರೆ ಮನೋಧರ್ಮ ಸೋಲೊದಿಂದ ಸಮೂಹಕ್ಕೆ ಮರಳಿದೆ. ಮುಂದೆ ಅವರು ಸಹೋದರ ಡೊನಾಲ್ಡ್ ಐಲರ್ ಅವರ ಟ್ರಂಪೆಟ್ಟನ್ನು ಸೇರಿಸಿಕೊಂಡು ಕಟ್ಟಿದ ತಂಡಗಳಲ್ಲಿ ಈ ಮೆರವಣಿಗೆಯ ಗುಣ ಇನ್ನೂ ಎದ್ದು ಕೇಳಿಸುತ್ತದೆ.

ಸೊಪ್ರಾನೊ ಸ್ಯಾಕ್ಸೊಫೋನಿನ ಚರಿತ್ರೆಯನ್ನು ಹಿಡಿದು ಹೋದರೂ ಇದೇ ಕಾಣುತ್ತದೆ. ಆ ವಾದ್ಯದ ಮೊದಲ ಮಹಾವಾದಕ ನ್ಯೂ ಆರ್ಲಿಯನ್ಸ್‌ನ ಸಿಡ್ನಿ ಬೆಷೆ. ಅವರನ್ನೇ ಆದರ್ಶವಾಗಿಟ್ಟುಕೊಂಡ ಸ್ಟೀವ್ ಲೇಸಿ ಹಳೆಯ ಡಿಕ್ಸಿಲ್ಯಾಂಡ್ ತಂಡಗಳಲ್ಲಿ ನುಡಿಸುತ್ತಿದ್ದವರು, ಬೀಬಾಪ್‌ನಲ್ಲಿ ತಂಗದೆ ನೇರವಾಗಿ ಸೆಸಿಲ್ ಟೇಲರ್ ಅವರ ತಂಡಕ್ಕೆ ಬಂದು 1956ರ 'ಜಾಝ್ ಅಡ್ವಾನ್ಸ್'ನಲ್ಲಿ ನುಡಿಸಿದರು. ಕೋಲ್ಟ್ರೇನ್ ಅವರೂ 1960ರಲ್ಲಿ ಸೊಪ್ರಾನೊ ಕೈಗೆತ್ತಿಕೊಂಡ ಹೊಸತರಲ್ಲಿ ಪಿಯಾನೊ ಇಲ್ಲದೆ 'ಬ್ಲೂಸ್ ಟು ಬೆಷೆ' ನುಡಿಸಿದ್ದಾರೆ. ನೀವು 'ಫಾರ್ ಆಲ್ಟೊ'ವನ್ನು ತುದಿ ಎಂದಿದ್ದೀರಿ. ಬ್ರ್ಯಾಕ್ಸ್ಟನ್ ಅವರು ಬಂದದ್ದು 1965ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಎಎಸಿಎಂ ಎಂಬ ಸಂಗೀತಗಾರರ ಕೂಟದಿಂದ. ಅದೇ ಕೂಟದ ಹೆನ್ರಿ ಥ್ರೆಡ್‌ಗಿಲ್, ಫ್ರೆಡ್ ಹಾಪ್ಕಿನ್ಸ್, ಸ್ಟೀವ್ ಮೆಕಾಲ್ ಮೂವರು 'ಏರ್' ಎಂಬ ತಂಡವಾಗಿ 1979ರಲ್ಲಿ ಹೊರತಂದ 'ಏರ್ ಲೋರ್' ತಟ್ಟೆಯನ್ನು ನಿಮ್ಮ ಪಟ್ಟಿಗೆ ಸೇರಿಸಿ. ಅದರಲ್ಲಿರುವುದು ಹೆಚ್ಚಾಗಿ ಸ್ಕಾಟ್ ಜೋಪ್ಲಿನ್ ಮತ್ತು ಜೆಲ್ಲಿ ರೋಲ್ ಮಾರ್ಟನ್ ಅವರ ಕೃತಿಗಳು. ಪಿಯಾನೊಗೆಂದೇ ಬರೆದ ಆ ಸಂಗೀತವನ್ನು ಅವರು ಪಿಯಾನೊ ಇಲ್ಲದೆ ನುಡಿಸುತ್ತಾರೆ. ಹಳೆಯದನ್ನು ಅನುಕರಿಸುವುದೂ ಇಲ್ಲ, ಹಗುರವಾಗಿ ಕಾಣುವುದೂ ಇಲ್ಲ. ಅದಕ್ಕೆ ಮೊದಲು ಮಾರ್ಟನ್ ಅವರ 1926ರ ರೆಡ್ ಹಾಟ್ ಪೆಪರ್ಸ್ ತಟ್ಟೆಗಳನ್ನು ಕೇಳಿರಬೇಕು. ಬರೆದ ಭಾಗಗಳೂ ಬಿಟ್ಟ ಜಾಗಗಳೂ ಎಷ್ಟು ನಾಜೂಕಾಗಿ ಹೊಂದಿಕೊಂಡಿವೆ ಎಂಬುದು 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಒಂದರಲ್ಲೇ ತಿಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ಕಾಣದಿದ್ದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಉತ್ತರ: ಲಯವಿನ್ಯಾಸ

ಕಚೇರಿ ಸಂಗೀತದ ಕಿವಿಯಿಂದ ಕೇಳುತ್ತಿದ್ದೇನೆ ಎಂದು ಹೇಳಿದ್ದರಿಂದ ಎರಡು ತಟ್ಟೆಗಳನ್ನು ಸೂಚಿಸುತ್ತೇನೆ. ಚಾರ್ಲ್ಸ್ ಮಿಂಗಸ್ ಅವರ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಆಲ್ಟೊ ನುಡಿಸಿದ ಚಾರ್ಲಿ ಮರಿಯಾನೊ ಮುಂದೆ ನಾಗಸ್ವರವನ್ನೂ ಕಲಿತರು. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ಇಸಿಎಂ ಸಂಸ್ಥೆಗಾಗಿ 'ಜ್ಯೋತಿ' ಮುದ್ರಿಸಿದರು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗದ ನಡುವೆ ಮರಿಯಾನೊ ಎಷ್ಟು ಕಡಿಮೆ ನುಡಿಸಿ ಎಷ್ಟು ಹೆಚ್ಚು ಹೇಳುತ್ತಾರೆ ಎಂಬುದನ್ನು ಗಮನಿಸಿ. ಎರಡನೆಯದು 2008ರ 'ಕಿನ್ಸ್‌ಮೆನ್'. ಇದರಲ್ಲಿ ರುದ್ರೇಶ್ ಮಹಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್ ಇಬ್ಬರೂ ಆಲ್ಟೊ ಸ್ಯಾಕ್ಸೊಫೋನನ್ನೇ ನುಡಿಸುತ್ತಾರೆ, ಎ. ಕನ್ಯಾಕುಮಾರಿ ಅವರ ಪಿಟೀಲೂ ಇದೆ. ವಾದ್ಯ ಒಂದೇ ಆಗಿರುವುದರಿಂದ ಒಬ್ಬರು ಕಾರ್ಡ್‌ಗಳ ಜಗತ್ತಿನಿಂದಲೂ ಇನ್ನೊಬ್ಬರು ಗಮಕಗಳ ಜಗತ್ತಿನಿಂದಲೂ ಬಂದವರೆಂಬುದು ನಾದದಲ್ಲೇ ಬೇರೆಯಾಗಿ ಕೇಳಿಸುತ್ತದೆ. ಅದೇ ಮಹಂತಪ್ಪ ಅವರು 2015ರಲ್ಲಿ ಪಾರ್ಕರ್ ಅವರ ಕೃತಿ ಮತ್ತು ಸೋಲೊಗಳ ತುಣುಕುಗಳನ್ನು ಬೀಜವಾಗಿಟ್ಟುಕೊಂಡು 'ಬರ್ಡ್ ಕಾಲ್ಸ್' ಎಂಬ ತಟ್ಟೆ ಮಾಡಿದ್ದಾರೆ. 'ಕೊ ಕೊ' ಕೇಳಿದ ಮೇಲೆ ಅದನ್ನು ಕೇಳಿ, ಯಾವ ತುಣುಕು ಎಲ್ಲಿಂದ ಬಂದದ್ದೆಂದು ನಿಮಗೆ ಹೊಳೆದರೆ ಇಲ್ಲಿಯೇ ಬರೆಯಿರಿ.